ವೈದ್ಯರನ್ನು ಬೆಳೆಸುವ ವೈದ್ಯರು ಬೇಕು



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಆಲೂಗಡ್ಡೆಯ ಅಂಗಮಾರಿ, ಟೀ ಗಿಡದ ಕವಾತು, ಬಸುರಿ ಬಾಣಂತಿಯರ ಆಹಾರ, ಮಕ್ಕಳ ಚುಚ್ಚುಮದ್ದು ಇಂಥ ವಿಷಯಗಳನ್ನು ಬರೆಯುತ್ತೇವೆ. ಈ ತಿಂಗಳು ಸ್ವಲ್ಪ ಬೇರೆ ದಾರಿ ಹಿಡಿದಿದ್ದೇವೆ. ವೈದ್ಯಕೀಯ ಕಾಲೇಜುಗಳಲ್ಲಿ ಪಾಠ ಹೇಳುವ ಹಿರಿಯ ವೈದ್ಯರಿಗೂ ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಕಿರಿಯ ಅಧ್ಯಾಪಕ ವೈದ್ಯರಿಗೂ ನಡುವೆ ಇರಬೇಕಾದ ಬಾಂಧವ್ಯದ ಬಗ್ಗೆ ನಮ್ಮ ಅಭಿಪ್ರಾಯ ಹೇಳಬೇಕೆಂದಿದ್ದೇವೆ. ‘ಕ್ಯಾರೆಟ್ ಬೆಳೆಯುವ ನಮಗೆ ಪ್ರೊಫೆಸರುಗಳ ವಿಷಯ ಏತಕ್ಕೆ?’ ಎಂದು ಕೆಲವರು ಕೇಳಬಹುದು. ನಾವೂ ಮೊದಲು ಹಾಗೆಯೇ ಅಂದುಕೊಂಡಿದ್ದೆವು. ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ನಡೆದ ಸಂಗತಿ ನಮ್ಮ ಮನಸ್ಸನ್ನು ಬದಲಾಯಿಸಿತು.

ಸಣ್ಣ ಟೀ ಬೆಳೆಗಾರರೊಬ್ಬರ ಮಗಳು ಎಂ.ಬಿ.ಬಿ.ಎಸ್. ಮುಗಿಸಿ, ಎಂ.ಡಿ.ಯನ್ನೂ ಮುಗಿಸಿ, ಒಂದು ವೈದ್ಯಕೀಯ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿದಳು. ಕಾಲೇಜು ಯಾವುದೆಂದು ಹೇಳುವುದು ಇಲ್ಲಿ ಬೇಡ. ಎರಡು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ಬಯಲು ಸೀಮೆಯ ಒಂದು ಖಾಸಗಿ ಆಸ್ಪತ್ರೆಗೆ ಹೋದಳು. ಸಂಬಳದ ಆಸೆಗೆ ಹೋಗಿರಬೇಕೆಂದು ಊರವರು ಮಾತಾಡಿಕೊಂಡರು. ರಜೆಗೆ ಬಂದಿದ್ದಾಗ ನಾವೇ ಅವಳನ್ನು ಕೇಳಿದೆವು. ಅವಳು ಹೇಳಿದ್ದು ಹೀಗಿತ್ತು: “ಮಾವ, ರೋಗಿಯ ವಿಷಯದಲ್ಲಿ ಅನುಮಾನ ಬಂದರೆ ಪುಸ್ತಕ ತೆಗೆದು ನೋಡಬಹುದು. ನೂರೈವತ್ತು ಮಕ್ಕಳ ಮುಂದೆ ನಿಂತು ಪಾಠ ಹೇಗೆ ಮಾಡಬೇಕು, ಸಂಶೋಧನೆಗೆ ಪ್ರಶ್ನೆಯನ್ನು ಹೇಗೆ ಹಿಡಿಯಬೇಕು, ನನ್ನ ಕೈಯಲ್ಲಿ ಒಂದು ತಪ್ಪಾದರೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳಬೇಕು, ಇದಕ್ಕೆಲ್ಲ ಪುಸ್ತಕ ಇಲ್ಲ. ಹಿರಿಯರನ್ನು ಕೇಳಿದರೆ, ಇವಳಿಗೆ ಏನೂ ಗೊತ್ತಿಲ್ಲ ಅಂತ ವರದಿಯಲ್ಲಿ ಬರೆದುಬಿಡುತ್ತಾರೋ ಅನ್ನುವ ಭಯ. ಎರಡು ವರ್ಷದಲ್ಲಿ ‘ಹೇಗಿದ್ದೀಯಮ್ಮ?’ ಅಂತ ಕೇಳಿದವರು ಕ್ಯಾಂಟೀನಿನವರು ಒಬ್ಬರೇ.”

ಅವಳ ತಂದೆ ಪಕ್ಕದಲ್ಲೇ ಕೂತಿದ್ದರು. “ಇವಳನ್ನು ಓದಿಸೋಕೆ ತೋಟದ ಮೇಲೆ ಸಾಲ ಮಾಡಿದೆ. ಅದು ಹೋಗಲಿ. ಕಲಿತು ಒಂದು ದಿನ ನಮ್ಮ ಬೆಟ್ಟಕ್ಕೇ ಬರ್ತಾಳೆ ಅಂದುಕೊಂಡಿದ್ದೆ” ಎಂದರು. ಮಗಳು ಮಾತಾಡಲಿಲ್ಲ.

ಬೆಟ್ಟದ ಮಾತು ಬಂದದ್ದರಿಂದ ಇದು ನಮ್ಮೆಲ್ಲರ ವಿಷಯವಾಗುತ್ತದೆ. ಉದಕಮಂಡಲದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿ 12ರಂದು ಉದ್ಘಾಟನೆಯಾಯಿತು. ಅದೇ ದಿನ ತಮಿಳುನಾಡಿನಲ್ಲಿ ಒಟ್ಟು 11 ಹೊಸ ಕಾಲೇಜುಗಳು ಆರಂಭವಾದವು. ನಮ್ಮ ನೀಲಗಿರಿಯ ಕಾಲೇಜಿಗೆ ವರ್ಷಕ್ಕೆ 150 ವಿದ್ಯಾರ್ಥಿಗಳ ಸ್ಥಾನ ಸಿಕ್ಕಿತು. 2025ರ ಏಪ್ರಿಲ್‌ನಲ್ಲಿ 700 ಹಾಸಿಗೆಗಳ ಆಸ್ಪತ್ರೆಯೂ ಅದಕ್ಕೆ ಸೇರಿತು. ಅದಕ್ಕೂ ಮೊದಲು ನಮ್ಮ ಸ್ಥಿತಿ ಏನಿತ್ತೆಂದು ಹೊಸದಾಗಿ ಹೇಳಬೇಕಾಗಿಲ್ಲ. ಹೆರಿಗೆ ಕಷ್ಟವಾದರೆ, ಎದೆನೋವು ಬಂದರೆ, ಎಲೆ ಕೊಯ್ಯುವಾಗ ಬಿದ್ದು ತಲೆಗೆ ಪೆಟ್ಟಾದರೆ, ಬರ್ಲಿಯಾರಿನ ತಿರುವುಗಳಲ್ಲಿ ರೋಗಿಯ ತಲೆ ಹಿಡಿದುಕೊಂಡು ಮೇಟುಪಾಳ್ಯ ದಾಟಿ ಕೊಯಮತ್ತೂರಿಗೆ ಇಳಿಯಬೇಕಾಗಿತ್ತು. ಮಳೆಗಾಲದಲ್ಲಿ ರಸ್ತೆಗೆ ಮಣ್ಣು ಕುಸಿದರೆ ಅದೂ ಇಲ್ಲ. ಈಗ ಕಟ್ಟಡ ಬಂದಿದೆ, ಯಂತ್ರಗಳು ಬಂದಿವೆ. ಇವನ್ನೆಲ್ಲ ನಡೆಸುವ ತಜ್ಞ ವೈದ್ಯರು ಬೆಟ್ಟದಲ್ಲಿ ಎಷ್ಟು ವರ್ಷ ನಿಲ್ಲುತ್ತಾರೆ ಎಂಬುದೇ ಮುಂದಿನ ಪ್ರಶ್ನೆ. ಮಂಜು, ಚಳಿ, ಮಕ್ಕಳ ಶಾಲೆ, ಹೊರಗೆ ಹೆಚ್ಚು ಸಂಪಾದನೆಗೆ ಅವಕಾಶವಿಲ್ಲದಿರುವುದು, ಹೀಗೆ ಹೋಗುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಉಳಿಯುವುದಕ್ಕೆ ಇರುವ ಕಾರಣಗಳಲ್ಲಿ ಬಲವಾದದ್ದು, ತನ್ನನ್ನು ಬೆಳೆಸುವ ಒಬ್ಬ ಹಿರಿಯ ಇಲ್ಲಿದ್ದಾರೆ ಎಂಬ ನಂಬಿಕೆ ಎಂದು ನಾವು ಭಾವಿಸುತ್ತೇವೆ.

ಇದು ಬರೀ ಭಾವನೆಯ ಮಾತಲ್ಲ. ನಮ್ಮ ಕೂನೂರಿನಲ್ಲಿಯೇ ಇದಕ್ಕೆ ದೊಡ್ಡ ಸಾಕ್ಷಿ ಇದೆ. ಮೇ ತಿಂಗಳಲ್ಲಿ ಹಣ್ಣಿನ ಪ್ರದರ್ಶನ ನೋಡಲು ಸಿಮ್ಸ್ ಪಾರ್ಕಿಗೆ ಹೋಗುವವರೆಲ್ಲರೂ ಅಲ್ಲೇ ಇರುವ ಪಾಶ್ಚರ್ ಸಂಸ್ಥೆಯ ಕಟ್ಟಡವನ್ನು ನೋಡಿರುತ್ತಾರೆ. 1907ರಲ್ಲಿ ಹುಚ್ಚುನಾಯಿ ಕಡಿತದ ಚಿಕಿತ್ಸೆಗಾಗಿ ಆರಂಭವಾದ ಸಂಸ್ಥೆ ಅದು. ಅದರ ಒಂದೇ ಒಂದು ಕೋಣೆಯಲ್ಲಿ 1918ರಲ್ಲಿ ಡಾ. ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಯನ್ನು ಶುರುಮಾಡಿದರು. ಪಾಲಿಶ್ ಮಾಡಿದ ಅಕ್ಕಿಯನ್ನೇ ನಂಬಿದವರ ಕೈಕಾಲು ಸೋತು, ಮೈ ಊದಿ, ಹೃದಯ ಕೈಕೊಡುವ ಕಾಯಿಲೆ ಅದು. ಆ ಒಂದು ಕೋಣೆ ಏಳು ವರ್ಷಗಳಲ್ಲಿ ಕೊರತೆ ರೋಗಗಳ ವಿಚಾರಣಾ ಘಟಕವಾಯಿತು. 1928ರಲ್ಲಿ ನ್ಯೂಟ್ರಿಷನ್ ರಿಸರ್ಚ್ ಲ್ಯಾಬೊರೇಟರೀಸ್ ಎಂಬ ಪೂರ್ಣ ಸಂಸ್ಥೆಯಾಯಿತು. ಹೈದರಾಬಾದಿನಲ್ಲಿ ಇಂದು ಇರುವ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ತಾಯಿಬೇರು ನಮ್ಮ ಕೂನೂರಿನ ಆ ಕೋಣೆ ಎಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ಮೆಕ್ಯಾರಿಸನ್ ಮಾಡಿದ ಕೆಲಸ ರೈತರಿಗೆ ಹತ್ತಿರದ್ದು. ನಮ್ಮ ದೇಶದ ಬೇರೆ ಬೇರೆ ಪ್ರಾಂತ್ಯದ ಜನರು ತಿನ್ನುವ ಊಟವನ್ನು ಇಲಿಗಳಿಗೆ ತಿನ್ನಿಸಿ, ಯಾವ ಊಟದಿಂದ ಮೈ ಬೆಳೆಯುತ್ತದೆ, ಯಾವುದರಿಂದ ಕುಗ್ಗುತ್ತದೆ ಎಂದು ತೋರಿಸಿದರು. ಇಡಿ ಗೋಧಿ ಚಪಾತಿ, ಹಾಲು, ಕಾಳು, ಹಸಿ ತರಕಾರಿ ತಿಂದ ಇಲಿಗಳು ಗಟ್ಟಿಯಾಗಿ ಬೆಳೆದವು. ಬಿಳಿ ಅಕ್ಕಿಯೇ ಹೆಚ್ಚಾಗಿದ್ದ ನಮ್ಮ ಕಡೆಯ ಊಟ ತಿಂದವು ಸೊರಗಿದವು. ಹೊಲದ ಗೊಬ್ಬರಕ್ಕೂ ಕಾಳಿನ ಸತ್ವಕ್ಕೂ ಏನು ನಂಟು ಎಂಬ ಪ್ರಶ್ನೆ ಬಂದಾಗ ಅವರು ತಾವೊಬ್ಬರೇ ಕೂತು ಉತ್ತರ ಬರೆಯಲಿಲ್ಲ. ಕೊಯಮತ್ತೂರಿನ ಕೃಷಿ ರಸಾಯನ ತಜ್ಞ ಬಿ. ವಿಶ್ವನಾಥ್ ಅವರ ಜೊತೆ ಕೂಡಿದರು. ಕೊಟ್ಟಿಗೆ ಗೊಬ್ಬರ ಹಾಕಿ ಬೆಳೆದ ಕಿರುಧಾನ್ಯ ಮತ್ತು ಗೋಧಿಯನ್ನು ರಾಸಾಯನಿಕ ಗೊಬ್ಬರದಲ್ಲಿ ಬೆಳೆದವುಗಳೊಡನೆ ಹೋಲಿಸಿ 1926ರಲ್ಲಿ ಇಬ್ಬರ ಹೆಸರಿನಲ್ಲಿಯೂ ಪ್ರಕಟಿಸಿದರು. ಕೊಟ್ಟಿಗೆ ಗೊಬ್ಬರದ ಕಾಳೇ ಮೇಲು ಎಂಬ ಅವರ ತೀರ್ಮಾನದ ಬಗ್ಗೆ ಆಮೇಲೆ ವಾದವಿವಾದಗಳಾದವು. ಆ ಚರ್ಚೆ ಇನ್ನೊಂದು ತಿಂಗಳಿಗಿರಲಿ. ನಾವು ಇಲ್ಲಿ ಗಮನಿಸಬೇಕಾದದ್ದು, ಬಿಳಿಯರ ಆಳ್ವಿಕೆಯ ಆ ಕಾಲದಲ್ಲಿ ಸೇನಾ ವೈದ್ಯ ಸೇವೆಯ ಅಧಿಕಾರಿಯ ಹೆಸರಿನ ಪಕ್ಕದಲ್ಲಿ ಕೃಷಿ ಇಲಾಖೆಯ ಭಾರತೀಯರೊಬ್ಬರ ಹೆಸರೂ ಅಚ್ಚಾಯಿತು ಎಂಬುದನ್ನು.

1929ರಲ್ಲಿ ಇನ್ನೊಬ್ಬರು ಇಲ್ಲಿಗೆ ಬಂದರು. ಮುಂಬಯಿಯ ಬಟ್ಟೆ ಗಿರಣಿಗಳ ಬಸುರಿ ಹೆಂಗಸರಿಗೆ ಬರುತ್ತಿದ್ದ ಕೆಟ್ಟ ರಕ್ತಹೀನತೆಯ ಕಾರಣ ಹುಡುಕುತ್ತಿದ್ದ ಡಾ. ಲೂಸಿ ವಿಲ್ಸ್. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅವರಿಗೆ ಒಂದು ನೆಲೆ ಬೇಕಾಗಿತ್ತು. ಮೆಕ್ಯಾರಿಸನ್ ನಿರ್ದೇಶಕರಾಗಿದ್ದ ಕೂನೂರಿನಲ್ಲಿ ಅದು ಸಿಕ್ಕಿತು. ಪ್ರಶ್ನೆ ವಿಲ್ಸ್ ಅವರದ್ದೇ, ಕೀರ್ತಿಯೂ ಅವರದ್ದೇ ಆಯಿತು. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟರೆ ಆ ರಕ್ತಹೀನತೆ ಗುಣವಾಗುತ್ತದೆಂದು 1931ರಲ್ಲಿ ಅವರು ಪ್ರಕಟಿಸಿದರು. ಅದರೊಳಗಿದ್ದ ವಸ್ತುವಿಗೆ ಮುಂದೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಇಂದು ನಮ್ಮ ಹೆಣ್ಣುಮಕ್ಕಳು ಬಸುರಿಯಾದಾಗ ನರ್ಸಮ್ಮನವರು ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಅದೂ ಸೇರಿರುತ್ತದೆ. ಜಾಗ ಕೊಡುವುದು, ಇಲಿಗೂಡು ಕೊಡುವುದು, ಆಮೇಲೆ ‘ಇದು ನನ್ನ ಪ್ರಯೋಗಶಾಲೆಯದ್ದು’ ಎಂದು ಹಕ್ಕು ಸಾಧಿಸದೆ ಇರುವುದು, ಇದೂ ಹಿರಿಯರ ಕೆಲಸವೇ.

1935ರಲ್ಲಿ ಮೆಕ್ಯಾರಿಸನ್ ನಿವೃತ್ತರಾಗಿ ಡಾ. ವ್ಯಾಲೇಸ್ ಐಕ್ರಾಯ್ಡ್ ಬಂದರು. ಇವರ ದಾರಿ ಬೇರೆ. ಊರೂರಿನ ಆಹಾರ ಸಮೀಕ್ಷೆ ನಡೆಸಿ, ಭಾರತದ ಆಹಾರ ಪದಾರ್ಥಗಳಲ್ಲಿ ಏನೇನು ಸತ್ವವಿದೆ ಎಂಬ ಪಟ್ಟಿಯನ್ನು 1937ರಲ್ಲಿ ಆರೋಗ್ಯ ಪತ್ರಿಕೆ 23ನೇ ಸಂಖ್ಯೆಯಾಗಿ ಹೊರತಂದರು. ಆ ಸಣ್ಣ ಪುಸ್ತಕದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಐಕ್ರಾಯ್ಡ್ 1945ರವರೆಗೆ ಇಲ್ಲಿದ್ದು, ಆಮೇಲೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಹೋದರು. ಪುಸ್ತಕ ನಿಲ್ಲಲಿಲ್ಲ. ಅವರ ನಂತರ ನಿರ್ದೇಶಕರಾದ ಡಾ. ವಿ. ಎನ್. ಪಟವರ್ಧನ್ ಅವರೂ ಜೊತೆಗಾರರೂ ಅದನ್ನು ತಿದ್ದಿ ಬೆಳೆಸಿದರು. 1971ರಲ್ಲಿ ಡಾ. ಸಿ. ಗೋಪಾಲನ್, ರಾಮಶಾಸ್ತ್ರಿ, ಬಾಲಸುಬ್ರಮಣಿಯನ್ ಅವರು ಅದನ್ನು ಹೊಸದಾಗಿ ಬರೆದರು. 2017ರಲ್ಲಿ ಮುಂದಿನ ತಲೆಮಾರಿನವರು ಹೊಸ ಯಂತ್ರಗಳಿಂದ ಮತ್ತೆ ಅಳೆದು ಪಟ್ಟಿ ಮಾಡಿದರು. ಗೋಪಾಲನ್ ಅವರ ಪುಸ್ತಕದಲ್ಲಿ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣಾಂಶ ಎಂದಿದ್ದರೆ 2017ರ ಪಟ್ಟಿಯಲ್ಲಿ 364 ಎಂದಿದೆ. ಹಿರಿಯರ ಲೆಕ್ಕವನ್ನು ಕಿರಿಯರು ಪಕ್ಕಕ್ಕೆ ಎಸೆಯಲಿಲ್ಲ, ಪೂಜೆಗೂ ಇಡಲಿಲ್ಲ. ಮತ್ತೆ ತಕ್ಕಡಿ ಹಿಡಿದು ತೂಗಿದರು. ಎಂಬತ್ತು ವರ್ಷ ಕೈಯಿಂದ ಕೈಗೆ ದಾಟಿದ ಇಂಥ ಕೆಲಸ ನಮ್ಮ ದೇಶದಲ್ಲಿ ಎಷ್ಟಿವೆ?

ಪಟವರ್ಧನ್ ಅವರ ಕಾಲದಲ್ಲಿ ಕೂನೂರಿನ ಈ ಪ್ರಯೋಗಶಾಲೆಯಲ್ಲಿ ಇಬ್ಬರು ತರುಣ ವೈದ್ಯರಿದ್ದರು. ಒಬ್ಬರು ಸೇಲಂನಲ್ಲಿ ಹುಟ್ಟಿದ ಗೋಪಾಲನ್. ಇನ್ನೊಬ್ಬರು ವಿ. ರಾಮಲಿಂಗಸ್ವಾಮಿ. ಇಬ್ಬರೂ ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದರು. ರಾಮಲಿಂಗಸ್ವಾಮಿ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆದರು. ಇಲ್ಲಿ ಒಂದು ಸ್ವಾರಸ್ಯವಿದೆ. ಮೆಕ್ಯಾರಿಸನ್ ಕೂನೂರಿಗೆ ಬರುವ ಮುಂಚೆ ಉತ್ತರದ ಗಿಲ್ಗಿಟ್‌ನಲ್ಲಿ ಗಳಗಂಡ ರೋಗವನ್ನು ಅಭ್ಯಾಸ ಮಾಡಿ, ಮಲಿನವಾದ ನೀರೇ ಅದಕ್ಕೆ ಮುಖ್ಯ ಕಾರಣವೆಂದು ವಾದಿಸಿದ್ದರು. ಅವರು ಕಟ್ಟಿದ ಪ್ರಯೋಗಶಾಲೆಯಲ್ಲಿ ಪಳಗಿದ ರಾಮಲಿಂಗಸ್ವಾಮಿ 1956ರಲ್ಲಿ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಜೊತೆಗಾರರೊಡನೆ ಪ್ರಯೋಗ ಹೂಡಿ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ಕಡಿಮೆಯಾಗುತ್ತದೆಂದು ತೋರಿಸಿಕೊಟ್ಟರು. ಇಂದು ನಮ್ಮ ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್ ಎಂದು ಬರೆದಿರುವುದರ ಹಿಂದೆ ಈ ಕೆಲಸವಿದೆ. ಹಿರಿಯ ಹೇಳಿದ್ದನ್ನು ಕಿರಿಯ ತಿದ್ದಿದರೆ ಹಿರಿಯನಿಗೆ ಅವಮಾನವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

1958ರಲ್ಲಿ ಪ್ರಯೋಗಶಾಲೆ ಹೈದರಾಬಾದಿಗೆ ಹೋಯಿತು. ಊರಿಗೆ ಅದು ನಷ್ಟವೇ. ಆದರೆ ಅಭ್ಯಾಸ ಅಲ್ಲಿಯೂ ಮುಂದುವರಿಯಿತು. ದಖ್ಖಣದ ಬಯಲಿನಲ್ಲಿ ಜೋಳವನ್ನೇ ಹೆಚ್ಚಾಗಿ ತಿನ್ನುವ ಬಡವರಲ್ಲಿ ಪೆಲಗ್ರ ಎಂಬ ಕಾಯಿಲೆ ಕಾಣುತ್ತಿತ್ತು. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿ ಮಂಕಾಗುವುದು ಅದರ ಲಕ್ಷಣ. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಸೇರಿ ಬರೆದರು. ಮೊದಲ ಹೆಸರು ಗೋಪಾಲನ್ ಅವರದ್ದು. ಅದೇ ಪ್ರಶ್ನೆಯ ಮೇಲೆ 1963ರಲ್ಲಿ ಬಂದ ಇನ್ನೊಂದು ಲೇಖನದಲ್ಲಿ ಮೊದಲು ಬೆಳವಾಡಿ, ಆಮೇಲೆ ಶ್ರೀಕಂಠಯ್ಯ, ಕೊನೆಗೆ ಗೋಪಾಲನ್. ಹೆಸರಿನ ಸಾಲು ಹೀಗೆ ತಿರುಗಿದ್ದು ಹೊರಗಿನವರಿಗೆ ಸಣ್ಣ ವಿಷಯ. ಕಾಲೇಜಿನ ಕಿರಿಯ ಅಧ್ಯಾಪಕರಿಗೆ ಅದು ಅನ್ನದ ವಿಷಯ. ಬಡ್ತಿ, ಅನುದಾನ, ಮುಂದಿನ ಕೆಲಸ, ಎಲ್ಲವನ್ನೂ ಆ ಸಾಲು ತೀರ್ಮಾನಿಸುತ್ತದೆ. ಶ್ರೀಕಂಠಯ್ಯನವರು ಮುಂದೆ ಹೈದರಾಬಾದಿನ ಆ ಸಂಸ್ಥೆಗೆ ನಿರ್ದೇಶಕರಾದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಕೆಲಸ ಮಾಡಿದರು. ಗೋಪಾಲನ್ ನೂರು ವರ್ಷ ಬಾಳಿ 2019ರಲ್ಲಿ ತೀರಿಕೊಂಡರು.

ಕೂನೂರಿನ ಈ ಉದಾಹರಣೆಯನ್ನು ಕೇಳಿ, ಇವೆಲ್ಲ ದೊಡ್ಡವರ ವಿಷಯ, ಎಲ್ಲ ಕಡೆಯೂ ಹೀಗಾಗುತ್ತದೆಯೇ ಎಂದು ಅನ್ನಿಸಬಹುದು. ಆಗುವುದಿಲ್ಲ. ಅದೇ ತೊಂದರೆ. 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಸಂಬುನ್ಯಾಕ್, ಸ್ಟ್ರಾಸ್, ಮಾರುಷಿಚ್ ಎಂಬ ಮೂವರು, ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಸೋಸಿ ಒಂದು ವರದಿ ಕೊಟ್ಟರು. ಮಾರ್ಗದರ್ಶಿ ಇರುವ ವೈದ್ಯ ವಿದ್ಯಾರ್ಥಿಗಳು ಅರ್ಧಕ್ಕಿಂತ ಕಡಿಮೆ. ಕೆಲವು ವಿಭಾಗಗಳ ಅಧ್ಯಾಪಕರಲ್ಲಂತೂ ನೂರಕ್ಕೆ ಇಪ್ಪತ್ತು ಮಂದಿಗೂ ಮಾರ್ಗದರ್ಶಿ ಇರಲಿಲ್ಲ. ಹೆಂಗಸರಿಗೆ ಮಾರ್ಗದರ್ಶಿ ಸಿಗುವುದು ಇನ್ನೂ ಕಷ್ಟವೆಂದು ಕಂಡುಬಂತು. ಹಣವಂತ ದೇಶಗಳ ಸ್ಥಿತಿಯೇ ಹೀಗಿದ್ದರೆ, ನಮ್ಮ ಹುಡುಗಿ ಕ್ಯಾಂಟೀನಿನವರನ್ನು ನೆನೆದುಕೊಂಡದ್ದರಲ್ಲಿ ಆಶ್ಚರ್ಯವೇನಿದೆ? 2013ರಲ್ಲಿ ಬಂದ ಇನ್ನೊಂದು ಅಧ್ಯಯನ ಟೊರಾಂಟೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾನಿಲಯಗಳ ವೈದ್ಯ ಅಧ್ಯಾಪಕರನ್ನೇ ಕೂರಿಸಿಕೊಂಡು ಕೇಳಿತು. ಇಬ್ಬರೂ ಒಬ್ಬರಿಂದೊಬ್ಬರು ಪಡೆಯುವುದು, ಪರಸ್ಪರ ಗೌರವ, ಯಾರಿಂದ ಏನು ನಿರೀಕ್ಷೆ ಎಂಬುದನ್ನು ಮೊದಲೇ ಮಾತಾಡಿಕೊಂಡಿರುವುದು, ಮನಸ್ಸು ಕೂಡುವುದು, ಇವಿದ್ದಲ್ಲಿ ಬಾಂಧವ್ಯ ನಿಂತಿತು. ಮಾತುಕತೆ ಇಲ್ಲದಿರುವುದು, ಹಿರಿಯರಿಗೆ ಆಸಕ್ತಿ ಇಲ್ಲದಿರುವುದು, ಒಬ್ಬರಿಗೊಬ್ಬರು ಪೈಪೋಟಿಯವರೆಂಬ ಅನುಮಾನ, ಇವಿದ್ದಲ್ಲಿ ಮುರಿಯಿತು. ಅತ್ತೆ ಸೊಸೆಯರ ಮನೆಗೂ ಇದೇ ಮಾತು ಹೊಂದುತ್ತದೆ ಎಂದು ನಮ್ಮವರೊಬ್ಬರು ಇದನ್ನು ಓದಿ ನಕ್ಕರು.

ನಮ್ಮ ನಾಡಿನಲ್ಲಿ ಇನ್ನೊಂದು ತೊಡಕೂ ಇದೆ. ‘ಗುರು’ ಎಂಬ ದೊಡ್ಡ ಮಾತು ನಮ್ಮಲ್ಲಿ ಬಹಳ ಸುಲಭವಾಗಿ ಬಳಕೆಯಾಗುತ್ತದೆ. ಗುರುವಿನ ಎದುರು ಮಾತಾಡಬಾರದು, ಗುರುವಿನ ಚೀಲ ಹೊರಬೇಕು, ಗುರುವಿನ ಮಗನ ಮದುವೆಗೆ ಓಡಾಡಬೇಕು. ಚೀಲ ಹೊರುವುದು ಕಲಿಕೆಯಲ್ಲ. ದ್ರೋಣರು ಏಕಲವ್ಯನಿಗೆ ಒಂದು ದಿನವೂ ಬಿಲ್ಲುವಿದ್ಯೆ ಹೇಳಿಕೊಡಲಿಲ್ಲ, ಆದರೆ ಹೆಬ್ಬೆರಳನ್ನು ಕೇಳಿದರು. ಕಿರಿಯ ಅಧ್ಯಾಪಕಿ ರಾತ್ರಿ ಹಗಲು ಕೂತು ಬರೆದ ಲೇಖನಕ್ಕೆ, ಅದನ್ನು ಓದಿಯೂ ನೋಡದ ಮುಖ್ಯಸ್ಥರು ತಮ್ಮ ಹೆಸರನ್ನು ಮೊದಲು ಸೇರಿಸಿಕೊಂಡರೆ ಅದೂ ಹೆಬ್ಬೆರಳು ಕೇಳಿದಂತೆಯೇ. ಇಂಥ ಕಡೆ ಮಾರ್ಗದರ್ಶಿ ಇಲ್ಲದಿರುವುದೇ ವಾಸಿ.

ಟೀ ತೋಟದವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಕಡ್ಡಿ ನೆಟ್ಟು ಸಸಿ ಮಾಡುವಾಗ ಮೊದಲ ತಿಂಗಳುಗಳಲ್ಲಿ ದಟ್ಟ ನೆರಳು ಬೇಕು. ಬಿಸಿಲಿಗೆ ಬಿಟ್ಟರೆ ಎಲೆ ಸುಟ್ಟುಹೋಗುತ್ತದೆ. ಬೇರು ಬಂದ ಮೇಲೆ ಚಪ್ಪರವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಾ ಬಿಸಿಲಿಗೆ ಒಗ್ಗಿಸುತ್ತೇವೆ. ತೆಗೆಯದೇ ಇದ್ದರೆ ಸಸಿ ಉದ್ದುದ್ದ ಎದ್ದು, ನೆಟ್ಟ ಮೇಲೆ ಮೊದಲ ಬೇಸಗೆಗೇ ಒಣಗುತ್ತದೆ. ತೋಟದೊಳಗಿನ ಸಿಲ್ವರ್ ಓಕ್ ಮರಕ್ಕೂ ಹಾಗೆಯೇ, ವರ್ಷಕ್ಕೊಮ್ಮೆ ಕೊಂಬೆ ಸವರದಿದ್ದರೆ ಅದರ ಕೆಳಗಿನ ಗಿಡ ಚಿಗುರುವುದಿಲ್ಲ. ಕಾಲೇಜಿನಲ್ಲಿ ಹಿರಿಯರ ನೆರಳು ಮೊದಲ ಎರಡು ಮೂರು ವರ್ಷ ದಟ್ಟವಾಗಿರಲಿ. ಆಮೇಲೆ ತಾವಾಗಿಯೇ ಸರಿಯುವ ಹಿರಿಯರು ಬೇಕು.

ಹಾಗಾದರೆ ಏನು ಮಾಡಬೇಕು? ಪ್ರತಿಯೊಬ್ಬ ಕಿರಿಯರಿಗೂ ಒಬ್ಬೊಬ್ಬ ಹಿರಿಯರನ್ನು ಗೊತ್ತುಮಾಡಿ ಸೂಚನಾ ಫಲಕದಲ್ಲಿ ಪಟ್ಟಿ ಅಂಟಿಸಿದರೆ ಆಯಿತೆಂದು ಕೆಲವರು ತಿಳಿಯುತ್ತಾರೆ. ಅಂಥ ಪಟ್ಟಿಯಲ್ಲಿ ನಮಗೆ ನಂಬಿಕೆ ಇಲ್ಲ. ವರ್ಷಕ್ಕೆರಡು ಸಲ ಸಹಿ ಹಾಕಿ ಫೈಲು ಮುಚ್ಚುವುದರಲ್ಲಿ ಅದು ಮುಗಿಯುತ್ತದೆ. ಮೊದಲು ಬೇಕಾದದ್ದು ಸಮಯ. ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಇನ್ನೂರು ಮಂದಿಯನ್ನು ನೋಡಿ, ಮಧ್ಯಾಹ್ನ ಪಾಠ ಮಾಡಿ, ಸಂಜೆ ದಾಖಲೆ ಬರೆಯುವ ಪ್ರಾಧ್ಯಾಪಕರು ಕಿರಿಯರ ಜೊತೆ ಯಾವಾಗ ಕೂತಾರು? ವಾರದಲ್ಲಿ ಒಂದು ಗಂಟೆಯನ್ನು ಕೆಲಸದ ವೇಳಾಪಟ್ಟಿಯಲ್ಲಿಯೇ ಇದಕ್ಕೆಂದು ಬರೆಯಬೇಕು. ಬಡ್ತಿ ಕೊಡುವಾಗ, ಎಷ್ಟು ಲೇಖನ ಬರೆದಿರಿ ಎಂದು ಕೇಳುವಂತೆ ಎಷ್ಟು ಮಂದಿ ಕಿರಿಯರನ್ನು ಬೆಳೆಸಿದಿರಿ ಎಂದೂ ಕೇಳಬೇಕು.

ಎರಡನೆಯದಾಗಿ, ವಾರ್ಷಿಕ ವರದಿ ಬರೆಯುವ ಮುಖ್ಯಸ್ಥರೇ ಮಾರ್ಗದರ್ಶಿಯೂ ಆಗಬಾರದು. ತನ್ನ ಅನ್ನ ಯಾರ ಕೈಯಲ್ಲಿದೆಯೋ ಅವರ ಮುಂದೆ ಯಾರೂ ತನ್ನ ತಪ್ಪನ್ನು ಬಿಚ್ಚಿ ಹೇಳುವುದಿಲ್ಲ. ನಮ್ಮ ಹುಡುಗಿಯ ಭಯಕ್ಕೆ ಮೂಲ ಅಲ್ಲೇ ಇತ್ತು. ಬೇರೆ ವಿಭಾಗದವರೊಬ್ಬರು ಇರಲಿ. ಸಾಧ್ಯವಾದರೆ ಒಬ್ಬರಿಗೆ ಇಬ್ಬರಿರಲಿ, ಪಾಠದ ವಿಷಯಕ್ಕೆ ಒಬ್ಬರು, ಸಂಶೋಧನೆಗೆ ಒಬ್ಬರು. ಹೊಂದಿಕೆಯಾಗದಿದ್ದರೆ ಮನಸ್ತಾಪವಿಲ್ಲದೆ ಬದಲಾಯಿಸಿಕೊಳ್ಳುವ ದಾರಿಯೂ ಇರಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು: ಹೆರಿಗೆ ರಜೆ ಮುಗಿಸಿ ಬಂದವಳಿಗೆ ‘ಎಲ್ಲಿ ಬಿಟ್ಟಿದ್ದೆವು, ಅಲ್ಲಿಂದ ಶುರುಮಾಡೋಣ’ ಎನ್ನುವ ಹಿರಿಯಳೊಬ್ಬಳು ಬೇಕು. ಆ ಒಂದು ವರ್ಷದಲ್ಲಿ ಕೆಲಸ ಬಿಡುವವರೇ ಹೆಚ್ಚು ಎಂದು ನಮಗೆ ಗೊತ್ತಿರುವ ವೈದ್ಯೆಯರು ಹೇಳುತ್ತಾರೆ.

ಸರ್ಕಾರಿ ಕಾಲೇಜುಗಳಲ್ಲಿ ವರ್ಗಾವಣೆ ಎಂಬುದೊಂದಿದೆ. ಬಾಂಧವ್ಯ ಕುದುರುವ ಹೊತ್ತಿಗೆ ಹಿರಿಯರಿಗೆ ಬೇರೆ ಊರಿನ ಆದೇಶ ಬರುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ದೂರದಿಂದಲೂ ಮಾರ್ಗದರ್ಶನ ನಡೆಯುತ್ತದೆ ಎಂಬುದಕ್ಕೆ ಬೆಟ್ಟದ ಬುಡದಲ್ಲೇ ಉದಾಹರಣೆ ಇದೆ. ಕೊಯಮತ್ತೂರಿನ ಪಿ.ಎಸ್.ಜಿ. ವೈದ್ಯಕೀಯ ಕಾಲೇಜಿನಲ್ಲಿ 2007ರಲ್ಲಿ ಫೈಮರ್ ಎಂಬ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಆರಂಭವಾಯಿತು. ಅದಕ್ಕಿಂತ ಮೊದಲು ಮುಂಬಯಿ ಮತ್ತು ಲೂಧಿಯಾನದಲ್ಲಿ ಇಂಥ ಕೇಂದ್ರಗಳು ತೆರೆದಿದ್ದವು. ಬೇರೆ ಬೇರೆ ಕಾಲೇಜುಗಳ ವೈದ್ಯ ಅಧ್ಯಾಪಕರು ಎರಡು ವರ್ಷಗಳ ಕಲಿಕೆಗೆ ಸೇರಿ, ಕೆಲವು ದಿನ ಒಟ್ಟಿಗೆ ಕೂತು, ಉಳಿದ ತಿಂಗಳುಗಳಲ್ಲಿ 자기 ತಮ್ಮ ಕಾಲೇಜಿನಲ್ಲಿಯೇ ಇದ್ದುಕೊಂಡು ಒಂದು ಯೋಜನೆಯನ್ನು ನಡೆಸುವುದು ಅದರ ಕ್ರಮ. ಹಿಂದಿನ ವರ್ಷ ಕಲಿತವರು ಈ ವರ್ಷದವರಿಗೆ ಕೈಕೊಡುತ್ತಾರೆ. ನೀಲಗಿರಿಯ ಕಿರಿಯ ಅಧ್ಯಾಪಕರನ್ನು ಇಂಥ ಕಲಿಕೆಗೆ ಕಳುಹಿಸುವುದು ಕಾಲೇಜಿಗೆ ದೊಡ್ಡ ಹೊರೆಯಾಗಲಾರದು.

ಇನ್ನೊಂದು ಸಂಪತ್ತು ನಮ್ಮ ಕಣ್ಣ ಮುಂದೆಯೇ ಇದ್ದರೂ ನಾವು ಬಳಸಿಕೊಂಡಿಲ್ಲ. ಕೂನೂರು, ವೆಲ್ಲಿಂಗ್ಟನ್, ಕೋತಗಿರಿಗಳಲ್ಲಿ ನಿವೃತ್ತಿಯಾಗಿ ಬಂದು ನೆಲೆಸಿದವರು ಬಹಳ. ಅವರಲ್ಲಿ ವೈದ್ಯರೂ ಇದ್ದಾರೆ, ದೊಡ್ಡ ಕಾಲೇಜುಗಳಲ್ಲಿ ಪಾಠ ಮಾಡಿದವರೂ ಇದ್ದಾರೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಗುಲಾಬಿ ಗಿಡಕ್ಕೆ ನೀರು ಹಾಕುತ್ತಾ ಇರುತ್ತಾರೆ. ಅವರಿಗೆ ಯಾರ ಬಡ್ತಿಯ ಮೇಲೂ ಅಧಿಕಾರವಿಲ್ಲ, ಯಾರೊಡನೆಯೂ ಪೈಪೋಟಿಯಿಲ್ಲ. ಕಿರಿಯ ವೈದ್ಯರ ಮಾತನ್ನು ಕೇಳುವುದಕ್ಕೆ ಅವರಿಗಿಂತ ತಕ್ಕವರು ಯಾರಿದ್ದಾರೆ? ತಿಂಗಳಿಗೊಂದು ಶನಿವಾರ ಉದಕಮಂಡಲಕ್ಕೆ ಹೋಗಿಬರುವಿರಾ ಎಂದು ಕಾಲೇಜಿನವರು ಕೇಳಿದರೆ ಇಲ್ಲವೆನ್ನುವವರು ಕಡಿಮೆ ಎಂದು ನಮ್ಮ ಊಹೆ.

ರೈತ ಮನೆಗಳವರಾದ ನಮ್ಮ ಪಾಲು ಏನು? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾದದ್ದೇ ಹಳ್ಳಿಗಾಡಿನ ಸೇವೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಅಲ್ಲಿ ಓದಿದವರು ಎರಡು ವರ್ಷ ಗ್ರಾಮೀಣ ಆಸ್ಪತ್ರೆಗಳಲ್ಲಿ ದುಡಿಯುವ ಕ್ರಮವೂ ಬೆಳೆದುಬಂದಿದೆ. ಹಾಗೆ ದೂರದ ಆಸ್ಪತ್ರೆಗಳಿಗೆ ಹೋದ ತರುಣ ವೈದ್ಯರನ್ನು ಕೇಳಿ ನೋಡಿ. ಅಲ್ಲಿ ನಿಲ್ಲುವ ಧೈರ್ಯ ಕೊಟ್ಟವರು ಯಾರೆಂದರೆ ಇಪ್ಪತ್ತು ವರ್ಷ ಅಲ್ಲಿಯೇ ಇದ್ದ ಒಬ್ಬ ಧರ್ಮಭಗಿನಿಯನ್ನೋ, ವಯಸ್ಸಾದ ನರ್ಸಮ್ಮನನ್ನೋ ಅವರು ಹೆಸರಿಸುತ್ತಾರೆ. ನಮ್ಮ ಮಕ್ಕಳು ಕಾಲೇಜು ಆರಿಸುವಾಗ ನಾವು ಕೇಳುವುದು ಶುಲ್ಕ ಎಷ್ಟು, ಹಾಸ್ಟೆಲ್ ಹೇಗಿದೆ ಎಂದು. ಅಲ್ಲಿ ಪಾಠ ಮಾಡುವವರು ಎಷ್ಟು ವರ್ಷದಿಂದ ಇದ್ದಾರೆ, ಹೊಸಬರು ಯಾಕೆ ಬಿಟ್ಟುಹೋಗುತ್ತಾರೆ ಎಂಬುದನ್ನೂ ಕೇಳೋಣ. ಉದಕಮಂಡಲದ ಆಸ್ಪತ್ರೆಗೆ ಹೋದಾಗ, ತರುಣ ವೈದ್ಯರು ಒಂದು ನಿಮಿಷ ತಾಳಿ ಎಂದು ಹೇಳಿ ಹಿರಿಯರನ್ನು ಕೇಳಲು ಒಳಗೆ ಹೋದರೆ, ‘ಇವರಿಗೆ ಗೊತ್ತಿಲ್ಲ, ಕೊಯಮತ್ತೂರಿಗೆ ಹೋಗೋಣ’ ಎಂದು ಎದ್ದುಬರುವ ಚಟ ನಮ್ಮಲ್ಲಿದೆ. ಅದನ್ನು ಬಿಡೋಣ. ಕೇಳುವ ವೈದ್ಯರೇ ನಮಗೆ ಬೇಕಾದವರು. ಅವರು ಕೇಳುವುದನ್ನು ನಿಲ್ಲಿಸುವಂತೆ ಮಾಡುವುದರಲ್ಲಿ ನಮ್ಮ ಪಾಲೂ ಇದೆ.

ನಮ್ಮ ಹುಡುಗಿಯ ವಿಷಯಕ್ಕೆ ಬಂದರೆ, ಖಾಸಗಿ ಆಸ್ಪತ್ರೆಯಲ್ಲಿ ಒಂದೂವರೆ ವರ್ಷ ಇದ್ದು, ಈಗ ಬೇರೊಂದು ಕಾಲೇಜಿಗೆ ಪಾಠ ಮಾಡಲು ಸೇರಿದ್ದಾಳೆ. ಅಲ್ಲಿ ಬೇರೆ ವಿಭಾಗದ ಹಿರಿಯ ವೈದ್ಯೆಯೊಬ್ಬರು ಗುರುವಾರ ಮಧ್ಯಾಹ್ನ ತಮ್ಮ ಬುತ್ತಿಯನ್ನು ಅವಳೊಡನೆ ಹಂಚಿಕೊಂಡು ಒಂದು ಗಂಟೆ ಮಾತಾಡುತ್ತಾರಂತೆ. ಟೀ ಎಲೆ ಕೊಯ್ಯುವ ಹೆಂಗಸರ ರಕ್ತಹೀನತೆಯ ಬಗ್ಗೆ ಒಂದು ಸಣ್ಣ ಅಧ್ಯಯನಕ್ಕೆ ಪ್ರಶ್ನೆಗಳನ್ನು ಬರೆದುಕೊಂಡಿದ್ದಾಳೆ. ಲೂಸಿ ವಿಲ್ಸ್ ಕೂನೂರಿಗೆ ಬಂದಿದ್ದರೆಂಬುದು ಅವಳಿಗೆ ಗೊತ್ತಿರಲಿಲ್ಲ, ನಾವು ಹೇಳಿದೆವು. ಮುಂದಿನ ಬೇಸಗೆಯಲ್ಲಿ ಆ ಹಿರಿಯ ವೈದ್ಯೆಯನ್ನೂ ಕರೆದುಕೊಂಡು ಬರುತ್ತಾಳಂತೆ. ಎಲೆ ಕೊಯ್ಯಲು ಹೋಗುವ ನಮ್ಮ ತಾಯಂದಿರು, ಅಕ್ಕತಂಗಿಯರು ಅವರಿಬ್ಬರ ಜೊತೆ ಕೂತು ಮಾತಾಡಲು ಒಂದು ಭಾನುವಾರ ಪೂಜೆಯ ನಂತರ ಸಮಯ ಇಟ್ಟುಕೊಳ್ಳಬೇಕೆಂದು ಈಗಲೇ ಕೇಳಿಕೊಳ್ಳುತ್ತೇವೆ. ದಿನಾಂಕವನ್ನು ಈ ಪುಟದಲ್ಲಿಯೇ ತಿಳಿಸುತ್ತೇವೆ.